ಹಡಗಿನಲ್ಲಿ ಬಂದ ಅನ್ನ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೊರಡುವ ಹೆದ್ದಾರಿಯಲ್ಲಿ ಹೆಬ್ಬಾಳದ ಕೆರೆಯನ್ನು ದಾಟಿ ಮುಂದೆ ಸಾಗಿದರೆ ಬ್ಯಾಟರಾಯನಪುರ ಸಿಗುತ್ತದೆ. ಒಂದು ಕಾಲಕ್ಕೆ ರಾಗಿ, ಹುರುಳಿ, ಅವರೆಗಳನ್ನು ಬೆಳೆಯುತ್ತಿದ್ದ ಹಳ್ಳಿ ಅದು. ತರುವಾಯ ನಗರಸಭೆಯಾಗಿ, ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಲೀನವಾಯಿತು. ವಿಮಾನ ನಿಲ್ದಾಣಕ್ಕೆ ಧಾವಿಸುವ ವಾಹನಗಳು ಅದರ ನೆತ್ತಿಯ ಮೇಲಿನ ಸೇತುವೆಯಲ್ಲಿ ಹಾದುಹೋಗುತ್ತವೆ. ಊರಿಗೆ ಹೊಂದಿಕೊಂಡಂತೆ ಉತ್ತರಕ್ಕೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವಿದೆ. ಸುತ್ತಲೂ ಇಷ್ಟು ಕಟ್ಟಡಗಳು ಎದ್ದಿದ್ದರೂ ಅಲ್ಲಿ ಇಂದಿಗೂ ರಾಗಿಯ ತೆನೆ ತೂಗುತ್ತದೆ. ಊರೊಳಗಿನ ಖಾಲಿ ನಿವೇಶನಗಳಲ್ಲಿ ಮಳೆ ಬಿದ್ದೊಡನೆ ಸೊಂಟದೆತ್ತರಕ್ಕೆ ಬೆಳೆದು ಬಿಳಿಯ ಹೂ ಹೊರುವುದು ಕಾಂಗ್ರೆಸ್ ಕಳೆ. ಇನ್ನು ಹಿರಿಯ ತಲೆಮಾರಿನವರನ್ನು ಬಾಲ್ಯದ ಶಾಲೆಯ ವಿಚಾರ ಕೇಳಿದರೆ, ಪಾಠಕ್ಕಿಂತ ಮೊದಲು ಅವರ ಬಾಯಿಗೆ ಬರುವುದು ಮಧ್ಯಾಹ್ನ ಬಡಿಸುತ್ತಿದ್ದ ಅಮೆರಿಕದ ಗೋಧಿಯ ಉಪ್ಪಿಟ್ಟು.

ತೆನೆ, ಕಳೆ, ಉಪ್ಪಿಟ್ಟು: ಈ ಮೂರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ವಾಷಿಂಗ್ಟನ್ ನಗರದಲ್ಲಿ ೧೯೫೪ರ ಜುಲೈ ೧೦ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ಸಹಿ ಮಾಡಿದ ಒಂದು ಕಾನೂನಿನ ಕಥೆಯಲ್ಲಿ ಈ ಮೂರಕ್ಕೂ ಸ್ಥಾನವುಂಟು. ಪಿ. ಎಲ್. ೪೮೦ ಎಂಬ ಹೆಸರಿನಿಂದ ಆ ಕಾನೂನು ಭಾರತದ ಮನೆಮನೆಗೂ ಪರಿಚಿತವಾಯಿತು. ಸಿರಿವಂತ ದೇಶವೊಂದು ತನ್ನ ಮನೆಯ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಬಡ ದೇಶದ ಅಡುಗೆಮನೆಯವರೆಗೆ ಹೇಗೆ ಬಂದು ತಲುಪುತ್ತದೆಂಬುದನ್ನು ತಿಳಿಯಬೇಕಾದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು.

ಅಮೆರಿಕದ ಸರ್ಕಾರ ತನ್ನ ರೈತರ ಬೆಳೆಗೆ ಬೆಲೆಯ ಭರವಸೆ ಕೊಟ್ಟಿತ್ತು. ಪೇಟೆಯಲ್ಲಿ ಧಾರಣೆ ಕುಸಿದರೂ ಗೊತ್ತುಪಡಿಸಿದ ಬೆಲೆ ಸಿಕ್ಕೇ ಸಿಗುವುದೆಂದು ತಿಳಿದ ರೈತ ಹೆಚ್ಚು ಬೆಳೆಯದೆ ಬಿಡುವನೇ? ಎರಡನೆಯ ಮಹಾಯುದ್ಧದ ಬೇಡಿಕೆ ಇಳಿದ ಮೇಲೆ ಗೋಧಿ ಸರ್ಕಾರದ ಕಣಜಗಳಲ್ಲಿ ಬೆಟ್ಟವಾಗಿ ಬಿದ್ದಿತು. ಅದನ್ನು ಕಾಪಾಡುವುದಕ್ಕೂ ಹಣ ಬೇಕು. ಸ್ವದೇಶದ ಪೇಟೆಗೆ ಬಿಟ್ಟರೆ ಧಾರಣೆ ಮತ್ತಷ್ಟು ಬೀಳುತ್ತದೆ. ಅತ್ತ ಏಷ್ಯಾ ಖಂಡದ ಹೊಸ ಸ್ವತಂತ್ರ ರಾಷ್ಟ್ರಗಳಲ್ಲಿ ಹಸಿವು ಇತ್ತು, ಡಾಲರು ಇರಲಿಲ್ಲ. ಎರಡನ್ನೂ ಕೂಡಿಸಿ ರಚಿಸಿದ ಉಪಾಯವೇ ಈ ಕಾನೂನು. ಕೊಳ್ಳುವ ದೇಶ ಡಾಲರಿನ ಬದಲು ತನ್ನ ನಾಣ್ಯದಲ್ಲಿಯೇ ಬೆಲೆ ತೆರಬಹುದು. ಆ ಹಣ ಅಲ್ಲಿಯೇ ಅಮೆರಿಕದ ಲೆಕ್ಕದಲ್ಲಿ ಜಮೆಯಾಗಿರುತ್ತದೆ. ಅದರ ಬಹುಪಾಲು ಅದೇ ದೇಶದ ಅಭಿವೃದ್ಧಿ ಯೋಜನೆಗಳಿಗೆ ಸಾಲವಾಗಿಯೋ ನೆರವಾಗಿಯೋ ಹೋಗುತ್ತದೆ. ಹೆಚ್ಚುವರಿ ಧಾನ್ಯವನ್ನು ಸಾಗಹಾಕುವುದು, ಮುಂದೆ ಕೊಳ್ಳಬಲ್ಲ ಗಿರಾಕಿಗಳನ್ನು ಬೆಳೆಸಿಕೊಳ್ಳುವುದು, ವಿದೇಶಾಂಗ ನೀತಿಗೆ ಬಲ ತಂದುಕೊಳ್ಳುವುದು ಆ ಕಾನೂನಿನ ಉದ್ದೇಶಗಳೆಂದು ಅದರಲ್ಲಿಯೇ ಬರೆದಿತ್ತು. ಗುಟ್ಟೇನೂ ಇರಲಿಲ್ಲ.

ಭಾರತಕ್ಕೆ ಇಂಥ ಗೋಧಿಯ ಅನುಭವ ಹೊಸದೂ ಆಗಿರಲಿಲ್ಲ. ೧೯೫೧ರಲ್ಲಿಯೇ ಇಪ್ಪತ್ತು ಲಕ್ಷ ಟನ್ ಧಾನ್ಯಕ್ಕಾಗಿ ೧೯ ಕೋಟಿ ಡಾಲರುಗಳ ಸಾಲ ಪಡೆದಿತ್ತು. ಅದು ಮಂಜೂರಾಗುವುದಕ್ಕೆ ಮೊದಲು ಅಮೆರಿಕದ ಶಾಸನಸಭೆಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನೆಹರೂ ಅವರ ವಿದೇಶಾಂಗ ನೀತಿಯನ್ನು ಹಳಿದವರೂ ಇದ್ದರು. ಗೋಧಿಗೆ ಬದಲಾಗಿ ಮಾನಜೈಟಿನಂಥ ಖನಿಜವನ್ನು ಭಾರತ ಕೊಡಲೆಂದು ಒತ್ತಾಯಿಸಿದವರೂ ಇದ್ದರು. ಅನ್ನದ ಮಾತು ಅನ್ನದ ಮಾತಾಗಿಯೇ ಉಳಿಯುವುದಿಲ್ಲವೆಂಬ ಪಾಠ ಆಗಲೇ ದೊರೆತಿತ್ತು.

೧೯೫೬ರ ಆಗಸ್ಟಿನಲ್ಲಿ ಭಾರತ ಪಿ. ಎಲ್. ೪೮೦ರ ಮೊದಲನೆಯ ಒಪ್ಪಂದಕ್ಕೆ ಸಹಿ ಹಾಕಿತು. ೧೯೬೦ರ ಮೇ ತಿಂಗಳಲ್ಲಿ ಆಹಾರ ಸಚಿವ ಎಸ್. ಕೆ. ಪಾಟೀಲರು ವಾಷಿಂಗ್ಟನ್ನಿಗೆ ಹೋಗಿ, ನಾಲ್ಕು ವರ್ಷಗಳಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಟನ್ ಗೋಧಿಯನ್ನೂ ಹತ್ತು ಲಕ್ಷ ಟನ್ ಅಕ್ಕಿಯನ್ನೂ ತರುವ ಒಪ್ಪಂದ ಮಾಡಿಕೊಂಡು ಬಂದರು. ಅದೇ ಕಾನೂನಿನ ಮತ್ತೊಂದು ಭಾಗದಡಿಯಲ್ಲಿ ದಾನವಾಗಿ ಬಂದ ಧಾನ್ಯ, ಎಣ್ಣೆ, ಹಾಲಿನ ಪುಡಿಗಳನ್ನು ಕೇರ್ ಸಂಸ್ಥೆ ಮೈಸೂರು ರಾಜ್ಯದ ಶಾಲೆಗಳಿಗೆ ಒದಗಿಸಿತು. ಬೇಯಿಸಿ ಒಣಗಿಸಿ ಒಡೆದ ಆ ಗೋಧಿಯ ನುಚ್ಚಿನ ಉಪ್ಪಿಟ್ಟಿಗಾಗಿ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತ ಮಕ್ಕಳು ಅದು ಯಾರ ನೀತಿಯೆಂದು ವಿಚಾರಿಸಲಿಲ್ಲ. ಹಸಿದ ಮಗುವಿಗೆ ವಿಚಾರಿಸುವ ಗರಜೂ ಇಲ್ಲ.

ನಗರದ ಮನೆಗಳಲ್ಲಿ ಆದ ಬದಲಾವಣೆ ಬೇರೆ ಬಗೆಯದು. ಪಡಿತರದ ಅಂಗಡಿಯಲ್ಲಿ ಅಕ್ಕಿ ಕಡಮೆಯಾಗಿ ಗೋಧಿ ಹೆಚ್ಚಿದಂತೆ, ಎರಡು ಹೊತ್ತೂ ಅನ್ನವೇ ಆಗಬೇಕೆಂಬ ಮನೆಗಳಲ್ಲಿ ರಾತ್ರಿಯ ಊಟಕ್ಕೆ ಚಪಾತಿ ಬಂತು. ಅತ್ತೆ ಕಲಿಸದ ಅಡುಗೆಯನ್ನು ಪಡಿತರ ಚೀಟಿ ಸೊಸೆಗೆ ಕಲಿಸಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಂಗಳೂರಿನ ಸುತ್ತಣ ಕೆಂಪು ಮಣ್ಣಿನಲ್ಲಿ, ಬಿದ್ದಷ್ಟೇ ಮಳೆಗೆ ಬೆಳೆಯಬಲ್ಲ ರಾಗಿ, ಈ ಏರ್ಪಾಡಿನ ಹೊರಗೆಯೇ ನಿಂತಿತು. ಪಡಿತರವೆಂದರೆ ಅಕ್ಕಿ ಮತ್ತು ಗೋಧಿ ಎಂಬ ಭಾವನೆ ಬೇರೂರಿತು. ರಾಗಿಯ ಮುದ್ದೆ ಬಡವರ ಊಟ, ಹಳ್ಳಿಗರ ಊಟ ಎಂಬ ತಾತ್ಸಾರಕ್ಕೆ ಅದರಿಂದ ಮತ್ತಷ್ಟು ಇಂಬು ಸಿಕ್ಕಿತು.

ಅಗ್ಗದ ಗೋಧಿ ಬಂದಾಗ ಗೋಧಿ ಬೆಳೆಯುವ ಭಾರತದ ರೈತನ ಗತಿಯೇನು? ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರಲ್ಲಿ ಅಮೆರಿಕದವರೇ ಆದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಷುಲ್ಟ್ಸ್ ಒಬ್ಬರು. ಮುಂದೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಹೀಗೆ ಸುರಿಯುವ ಧಾನ್ಯ ಬಡ ದೇಶದ ಪೇಟೆಯಲ್ಲಿ ಧಾರಣೆಯನ್ನು ತಗ್ಗಿಸಿ ಅಲ್ಲಿನ ರೈತನ ಉತ್ಸಾಹವನ್ನು ಕುಂದಿಸುತ್ತದೆಂದು ಅವರು ೧೯೬೦ರಲ್ಲಿಯೇ ಬರೆದರು. ನ್ಯಾಯಬೆಲೆಯ ಅಂಗಡಿಗಳ ಮೂಲಕ ಹಂಚಿದ್ದರಿಂದ, ಕೊಳ್ಳಲು ಶಕ್ತಿಯಿಲ್ಲದವರ ಹೊಟ್ಟೆಗೂ ಅದು ಸೇರಿತು. ಆದುದರಿಂದ ರೈತನಿಗೆ ತಗುಲಿದ ಪೆಟ್ಟು ಎಣಿಸಿದಷ್ಟು ದೊಡ್ಡದಲ್ಲವೆಂದು ತರುವಾಯದ ಕೆಲವು ಪಂಡಿತರು ವಾದಿಸಿದರು. ವಾದ ಇಂದಿಗೂ ಮುಗಿದಿಲ್ಲ. ಆದರೆ ಒಂದು ಹಾನಿಯನ್ನು ಅಲ್ಲಗಳೆಯುವುದು ಕಷ್ಟ. ಹಡಗು ಬರುತ್ತದೆಂಬ ಧೈರ್ಯವಿದ್ದುದರಿಂದ ಹೊಲದ ಕಡೆಗೆ ನೋಡುವ ಅವಸರ ದೆಹಲಿಗೆ ಇರಲಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಯ ಒಲವೆಲ್ಲ ಉಕ್ಕು, ಯಂತ್ರ, ಕಾರ್ಖಾನೆಗಳ ಕಡೆಗಿತ್ತು. ಈ ದೋಷವನ್ನು ಅಮೆರಿಕದ ತಲೆಗೆ ಕಟ್ಟುವಂತಿಲ್ಲ.

ಆ ಧೈರ್ಯದ ಪರೀಕ್ಷೆ ೧೯೬೫ರಲ್ಲಿ ಬಂತು. ಪಾಕಿಸ್ತಾನದೊಡನೆ ಯುದ್ಧ, ಅದರ ಬೆನ್ನಿಗೇ ಮಳೆಯ ವೈಫಲ್ಯ. ೧೯೬೪-೬೫ರಲ್ಲಿ ಸುಮಾರು ಎಂಟು ಕೋಟಿ ತೊಂಬತ್ತು ಲಕ್ಷ ಟನ್ ಇದ್ದ ಆಹಾರ ಧಾನ್ಯದ ಉತ್ಪತ್ತಿ ಮರುವರ್ಷ ಏಳು ಕೋಟಿ ಇಪ್ಪತ್ತು ಲಕ್ಷ ಟನ್ನಿಗೆ ಇಳಿಯಿತು. ಇನ್ನೂ ಒಂದು ವರ್ಷ ಮಳೆ ಕೈಕೊಟ್ಟು ಬಿಹಾರ ಕ್ಷಾಮಕ್ಕೆ ತುತ್ತಾಯಿತು. ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷ ಜಾನ್ಸನ್ ಅವರು ದೀರ್ಘಕಾಲದ ಒಪ್ಪಂದಗಳನ್ನು ಬದಿಗಿಟ್ಟು, ಒಂದೆರಡು ತಿಂಗಳಿಗೆ ಸಾಲುವಷ್ಟು ಧಾನ್ಯವನ್ನು ಮಾತ್ರ ಬಿಡುಗಡೆ ಮಾಡುವ ಕ್ರಮವನ್ನು ಹಿಡಿದರು. ಹಸುವಿನ ಹಗ್ಗವನ್ನು ಗಿಡ್ಡವಾಗಿ ಕಟ್ಟಿದಂತೆ. ಯಾವ ಹಡಗು ಯಾವಾಗ ಹೊರಡಬೇಕೆಂಬುದು ಅವರ ಸ್ವಂತ ಗಮನಕ್ಕೆ ಹೋಗಿ ಬರುವ ವಿಷಯವಾಯಿತು. ಭಾರತ ತನ್ನ ಬೇಸಾಯವನ್ನು ಸುಧಾರಿಸಿಕೊಳ್ಳಬೇಕೆಂಬುದು ಅವರ ಒಂದು ಷರತ್ತು, ಅದು ಹಿತವಾದುದೇ. ವಿಯೆಟ್ನಾಮಿನ ಯುದ್ಧವನ್ನು ಭಾರತ ಟೀಕಿಸಬಾರದೆಂಬ ನಿರೀಕ್ಷೆ ಮತ್ತೊಂದು, ಅದನ್ನು ಹಿತವೆನ್ನಲಾಗದು. ೧೯೬೬ರಲ್ಲಿ ಭಾರತ ಟೀಕಿಸಿದ ಮೇಲೆ ಹಡಗುಗಳು ತಡವಾದುವು.

ಹಡಗಿನಿಂದ ಇಳಿದುದು ನೇರವಾಗಿ ಬಾಯಿಗೆ ಹೋಗುವ ಸ್ಥಿತಿ ಅದು. ಕಣಜದಲ್ಲಿ ಉಳಿಕೆಯಿಲ್ಲ. ಒಂದು ಹಡಗು ತಡವಾದರೆ ಒಂದು ನಗರದ ಪಡಿತರ ತಪ್ಪುತ್ತದೆ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಸೋಮವಾರ ಸಂಜೆಯ ಊಟವನ್ನು ಬಿಡಬೇಕೆಂದು ಜನತೆಯನ್ನು ಕೋರಿದರು; ತಾವೂ ಬಿಟ್ಟರು. ಎಷ್ಟೋ ಹೋಟೆಲುಗಳು ಆ ಹೊತ್ತಿಗೆ ಬಾಗಿಲು ಹಾಕಿದುವು. ಅವರ ನಂತರ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿಯವರು ೧೯೬೬ರ ಮಾರ್ಚಿಯಲ್ಲಿ ಅಮೆರಿಕಕ್ಕೆ ಹೋಗಿ ಬಂದರು. ಆ ವರ್ಷದ ಜೂನ್ ೬ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ೪ ರೂಪಾಯಿ ೭೬ ಪೈಸೆಗೆ ಸಿಗುತ್ತಿದ್ದ ಡಾಲರಿಗೆ ೭ ರೂಪಾಯಿ ೫೦ ಪೈಸೆ ತೆರಬೇಕಾಯಿತು. ಸಾಲ ಕೊಡುವವರ ಒತ್ತಾಯ ಅದರ ಹಿಂದೆ ಇದ್ದಿತೆಂಬುದು ಆಗ ಎಲ್ಲರೂ ಬಲ್ಲ ಸಂಗತಿ.

ಇಷ್ಟಾದರೂ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ಕಠಿಣ ಕಾಲದಲ್ಲಿ ಅಮೆರಿಕದ ಗೋಧಿಯ ಬೆಳೆಯಲ್ಲಿ ಹೆಚ್ಚು ಕಡಮೆ ಐದರಲ್ಲಿ ಒಂದು ಪಾಲು ಭಾರತಕ್ಕೆ ಬಂತು. ಅದು ಬಾರದೆ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರೆಂದು ಊಹಿಸುವುದೂ ಭೀಕರ. ಕೊಟ್ಟ ಕೈಯನ್ನು ಹಳಿಯುವುದು ಸುಲಭ. ಆ ಕೈ ಕೊಟ್ಟಿತೆಂಬುದನ್ನು ಮರೆಯುವುದು ಸಭ್ಯತೆಯಲ್ಲ. ಕೊಟ್ಟ ಕೈಯೇ ಹಗ್ಗವನ್ನೂ ಹಿಡಿದಿತ್ತೆಂಬುದನ್ನು ಮರೆಯುವುದು ವಿವೇಕವಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿ ಇರಿಸಿಕೊಂಡರೆ ಮಾತ್ರ ಕಥೆ ಪೂರ್ಣವಾಗುತ್ತದೆ.

ಅಪಮಾನದಿಂದ ದೇಶ ಕಲಿಯಿತು. ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಅವರು ಬೀಜ, ಗೊಬ್ಬರ, ನೀರು, ಬೆಲೆ ಈ ನಾಲ್ಕನ್ನೂ ರೈತನ ಬಳಿಗೆ ಒಯ್ಯುವ ಹೊಸ ನೀತಿಯನ್ನು ಹಿಡಿದರು. ೧೯೬೬ರಲ್ಲಿ ಮೆಕ್ಸಿಕೊ ದೇಶದಿಂದ ಹದಿನೆಂಟು ಸಾವಿರ ಟನ್ ಗಿಡ್ಡ ತಳಿಯ ಗೋಧಿಯ ಬೀಜ ಬಂತು. ೧೯೭೧ರ ಕೊನೆಯ ಹೊತ್ತಿಗೆ ರಿಯಾಯಿತಿಯ ಗೋಧಿಯ ಆಮದನ್ನು ಭಾರತ ನಿಲ್ಲಿಸಿತು.

ಈ ಕಲಿಕೆಯ ಒಂದು ಎಳೆ ಬ್ಯಾಟರಾಯನಪುರದ ನೆರೆಗೇ ಬಂದು ಮುಟ್ಟುತ್ತದೆ. ೧೮೯೯ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಮೂವತ್ತು ಎಕರೆ ಭೂಮಿಯನ್ನು ಕೊಟ್ಟು ಹೆಬ್ಬಾಳದ ಕೃಷಿ ಸಂಶೋಧನೆಗೆ ನಾಂದಿ ಹಾಡಿದ್ದರು. ೧೯೧೩ರಲ್ಲಿ ಲೆಸ್ಲಿ ಕೋಲ್ಮನ್ ಅವರ ಮುಂದಾಳುತನದಲ್ಲಿ ಅಲ್ಲಿ ಕೃಷಿ ಶಾಲೆ ಆರಂಭವಾಯಿತು. ಆ ಬುಡದ ಮೇಲೆಯೇ ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಎದ್ದಿತು. ಅದನ್ನು ಕಟ್ಟುವುದಕ್ಕೆ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯ ನೆರವಾಯಿತು. ಗೋಧಿಯನ್ನು ಹಗ್ಗದ ಅಳತೆಯಲ್ಲಿ ಬಿಡುತ್ತಿದ್ದ ದೇಶವೇ ಹಗ್ಗ ಬೇಡವಾಗುವಂಥ ವಿದ್ಯೆಯನ್ನೂ ಕಳುಹಿಸಿತು. ಒಂದು ದೇಶವೆಂದರೆ ಒಂದೇ ಮನಸ್ಸಲ್ಲ.

ಆದರೂ ಕನ್ನಡ ನಾಡಿನ ಒಣ ಬೇಸಾಯಕ್ಕೆ ದೊಡ್ಡ ಉಪಕಾರ ಬಂದುದು ಸಿರಿವಂತ ದೇಶದಿಂದಲ್ಲ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಕ್ಷೇತ್ರದಲ್ಲಿ ರಾಗಿಯ ತಳಿಗಳನ್ನು ಬೆಳೆಸುವುದಕ್ಕಾಗಿ ತಮ್ಮ ಬಾಳನ್ನೇ ಮುಡಿಪಾಗಿರಿಸಿದ ಲಕ್ಷ್ಮಣಯ್ಯನವರು, ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರ ಮಾಡಿದರು. ದಪ್ಪ ತೆನೆ, ಗಟ್ಟಿ ಕಡ್ಡಿಯ ಆ ಹೊಸ ತಳಿಗಳಿಗೆ ಇಂಡಿಯಾ, ಆಫ್ರಿಕ ಎರಡನ್ನೂ ಸೇರಿಸಿ ಇಂಡಾಫ್ ಎಂಬ ಹೆಸರಾಯಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ರಾಗಿಯೆಂಬ ಧಾನ್ಯವೇ ಮೂಲದಲ್ಲಿ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದುದು. ಆ ನೆಲದವರು ಅದಕ್ಕಾಗಿ ಯಾವ ಷರತ್ತನ್ನೂ ಹಾಕಲಿಲ್ಲ, ರೂಪಾಯಿಯ ಲೆಕ್ಕವನ್ನೂ ಇಡಲಿಲ್ಲ. ತರುವಾಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಹೊರಬಂದ ಜಿ. ಪಿ. ಯು. ೨೮ ಎಂಬ ತಳಿ ಬೆಂಕಿರೋಗವನ್ನು ತಡೆದು ನಿಂತು ರೈತರ ಮೆಚ್ಚುಗೆ ಗಳಿಸಿತು. ಇಂದು ಭಾರತದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ವಿಶ್ವಸಂಸ್ಥೆ ಸಾರಿದುದು ಭಾರತದ ಸೂಚನೆಯ ಮೇರೆಗೆ. ಒಮ್ಮೆ ಮೂಗು ಮುರಿದವರ ಮನೆಯಲ್ಲಿಯೂ ಈಗ ರಾಗಿಯ ದೋಸೆ, ರಾಗಿಯ ಅಂಬಲಿ ಆರೋಗ್ಯದ ಆಹಾರವೆಂದು ಮರ್ಯಾದೆ ಪಡೆದಿವೆ.

ಇನ್ನು ಆ ಕಳೆಯ ಮಾತು. ಕಾಂಗ್ರೆಸ್ ಕಳೆ ಅಮೆರಿಕದ ಗೋಧಿಯೊಡನೆ ಬೆರೆತು ಬಂತೆಂಬುದು ಜನರ ದೃಢವಾದ ನಂಬಿಕೆ. ಗಿಡದ ಮೂಲ ಅಮೆರಿಕ ಖಂಡವೆಂಬುದು ನಿಜ. ೧೯೫೫ರ ಸುಮಾರಿಗೆ ಪುಣೆಯಲ್ಲಿ ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದಾಗ ಪಿ. ಎಲ್. ೪೮೦ರ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿರಲಿಲ್ಲ. ಆದರೆ ೧೯೫೧ರ ಸಾಲದ ಗೋಧಿ ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದು ಭಾರತದಲ್ಲಿ ಇತ್ತೆಂಬುದಕ್ಕೆ ಸಸ್ಯಸಂಗ್ರಹಗಳಲ್ಲಿ ಸಾಕ್ಷ್ಯವಿದೆಯೆಂದು ಹೇಳುವವರೂ ಇದ್ದಾರೆ. ಹೇಗೇ ಬಂದಿರಲಿ, ಮೈ ಕೆರೆಸಿ, ಉಬ್ಬಸ ಹೆಚ್ಚಿಸಿ, ಹುಲ್ಲುಗಾವಲನ್ನು ನುಂಗುವ ಅದನ್ನು ಅಡಗಿಸುವುದಕ್ಕೆ ಅದರ ಎಲೆಯನ್ನೇ ತಿನ್ನುವ ಒಂದು ಜೀರುಂಡೆಯನ್ನು ೧೯೮೩ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ, ಮರುವರ್ಷ ಬಯಲಿಗೆ ಬಿಡಲಾಯಿತು. ಮಳೆಗಾಲದಲ್ಲಿ ಅದು ತನ್ನ ಕೆಲಸ ಮಾಡುತ್ತದೆ; ಕಳೆ ಮಾತ್ರ ಸೋತಿಲ್ಲ. ಪರದೇಶದ ಸರಕಿನ ಜೊತೆಗೆ ಲೆಕ್ಕಕ್ಕೆ ಸೇರದ ಏನೇನು ಬಂದೀತೆಂಬ ಜನತೆಯ ಅಂಜಿಕೆಗೆ ಆ ಗಿಡ ಒಂದು ಗುರುತಾಗಿ ಉಳಿದಿದೆ.

ಹಾಗೆಯೇ ಇಲ್ಲಿಂದ ಅಲ್ಲಿಗೆ ಹೋದುದೂ ಉಂಟು. ಗೋಧಿಯ ಬೆಲೆಯೆಂದು ಭಾರತದಲ್ಲಿ ಜಮೆಯಾದ ರೂಪಾಯಿಯ ಒಂದು ಚಿಕ್ಕ ಪಾಲಿನಿಂದ ೧೯೬೨ರಿಂದ ಮೊದಲುಗೊಂಡು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಿಗೆ ಕಳುಹಿಸಲಾಯಿತು. ಕನ್ನಡದ ಕಾದಂಬರಿ, ಕವನ ಸಂಕಲನಗಳು ಷಿಕಾಗೋ ನಗರದ ಕಪಾಟುಗಳನ್ನು ಸೇರಿದ್ದು ಹೀಗೆ. ನಾಡಿನಲ್ಲಿ ಮುದ್ರಣ ಮುಗಿದು ಮರೆಯಾದ ಕೃತಿಯೊಂದನ್ನು ಅಲ್ಲಿ ಹುಡುಕುವ ಸಂಶೋಧಕರಿಗೆ, ತಾವು ತಿರುವುತ್ತಿರುವ ಹಾಳೆಗೆ ಹಣ ಸಂದದ್ದು ಪಡಿತರದ ಗೋಧಿಯಿಂದ ಎಂಬುದು ತಿಳಿದಿರಲಿಕ್ಕಿಲ್ಲ. ಉಳಿದ ರೂಪಾಯಿಯ ದೊಡ್ಡ ರಾಶಿ ಎರಡೂ ಸರ್ಕಾರಗಳಿಗೆ ತಲೆನೋವಾಯಿತು. ಕೊನೆಗೆ ೧೯೭೪ರ ಫೆಬ್ರವರಿ ೧೮ರಂದು ಅಮೆರಿಕದ ರಾಯಭಾರಿ ಮಾಯ್ನಿಹಾನ್ ಅವರು ೧,೬೬೪ ಕೋಟಿ ರೂಪಾಯಿಗಳ ಒಂದೇ ಚೆಕ್ಕನ್ನು ಬರೆದು ಭಾರತ ಸರ್ಕಾರಕ್ಕೆ ಒಪ್ಪಿಸಿದರು. ಅಂದಿಗೆ ಜಗತ್ತಿನಲ್ಲಿ ಯಾರೂ ಅಷ್ಟು ದೊಡ್ಡ ಚೆಕ್ಕನ್ನು ಬರೆದಿರಲಿಲ್ಲವೆಂದು ಪ್ರಸಿದ್ಧಿಯಾಯಿತು.

ಕಥೆ ಇಲ್ಲಿಗೆ ಮುಗಿಯಿತೆಂದು ಪುಟ ಮಗುಚುವ ಮೊದಲು ಇತ್ತೀಚಿನ ಎರಡು ಸಂಗತಿಗಳನ್ನು ನೋಡಬೇಕು. ಅಮೆರಿಕದ ನೆರವನ್ನು ಜಗತ್ತಿಗೆಲ್ಲ ಹಂಚುತ್ತಿದ್ದ ಯು. ಎಸ್. ಏಡ್ ಸಂಸ್ಥೆಯ ಕೆಲಸವನ್ನು ಆ ದೇಶದ ಸರ್ಕಾರ ೨೦೨೫ರ ಜನವರಿಯಲ್ಲಿ ತಡೆದು, ಜುಲೈ ೧ರ ಹೊತ್ತಿಗೆ ಅದನ್ನು ಮುಚ್ಚಿಯೇ ಬಿಟ್ಟಿತು. ಅದೇ ಆಗಸ್ಟಿನಲ್ಲಿ ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ ೫೦ರಷ್ಟು ಸುಂಕ ಹೇರಿತು. ಸಿದ್ಧ ಉಡುಪನ್ನು ಹೊಲಿದು ಅಲ್ಲಿಗೆ ಕಳುಹಿಸುವ ಬೆಂಗಳೂರಿನ ಕಾರ್ಖಾನೆಗಳು ಆತಂಕಕ್ಕೆ ಒಳಗಾದುವು. ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ಮತ ವಾಷಿಂಗ್ಟನ್ನಿನಲ್ಲಿ ಎಣಿಕೆಗೆ ಬರುವುದಿಲ್ಲ. ಅಂದು ಗೋಧಿ ಬೆಳೆದ ರೈತನ ಮತ ಅಲ್ಲಿ ಎಣಿಕೆಗೆ ಬಂದಿತ್ತು. ಕಾನೂನು ಹುಟ್ಟಿದ್ದೂ ಅದರಿಂದಲೇ.

ಎರಡನೆಯದು ಇನ್ನೂ ಹತ್ತಿರದ್ದು. ೨೦೨೨ರ ಮೇ ೧೩ರಂದು ಭಾರತ ಗೋಧಿಯ ರಫ್ತನ್ನು ನಿಷೇಧಿಸಿತು. ೨೦೨೩ರ ಜುಲೈ ೨೦ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿತು. ಸ್ವದೇಶದ ಬೆಲೆ ಏರಬಾರದೆಂಬುದೇ ಕಾರಣ; ನಗರದ ಮಧ್ಯಮ ವರ್ಗದ ಕುಟುಂಬಗಳಿಗೆ ಅದು ನೆಮ್ಮದಿ ತಂದಿತು. ಆದರೆ ಜಗತ್ತಿನ ಅಕ್ಕಿಯ ವ್ಯಾಪಾರದಲ್ಲಿ ಸುಮಾರು ಶೇಕಡಾ ೪೦ ಪಾಲು ಭಾರತದ್ದು. ಕೆಲವೇ ವಾರಗಳಲ್ಲಿ ಏಷ್ಯಾದ ಪೇಟೆಯಲ್ಲಿ ಅಕ್ಕಿಯ ಧಾರಣೆ ಹದಿನೈದು ವರ್ಷಗಳಲ್ಲಿ ಕಾಣದ ಎತ್ತರಕ್ಕೆ ಏರಿತು. ಭಾರತದ ಅಕ್ಕಿಯನ್ನೇ ನೆಚ್ಚಿದ್ದ ಪಶ್ಚಿಮ ಆಫ್ರಿಕದ ಬಡ ಕುಟುಂಬಗಳಿಗೆ ಬಿಸಿ ತಟ್ಟಿತು. ಕೇಳಿಕೊಂಡ ಕೆಲವು ದೇಶಗಳಿಗೆ ಸರ್ಕಾರದಿಂದ ಸರ್ಕಾರಕ್ಕೆ ಇಂತಿಷ್ಟೆಂದು ಅಕ್ಕಿ ಬಿಡಲಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ನಿಷೇಧ ತೆರವಾಯಿತು.

೧೯೬೬ರಲ್ಲಿ ಹಡಗಿನ ದಾರಿ ಕಾದ ದೇಶ ಈಗ ಹಡಗು ಕಳುಹಿಸುವ ದೇಶವಾಗಿದೆ. ಇದು ಹೆಮ್ಮೆಯ ಮಾತು. ಹೊಣೆಯ ಮಾತೂ ಹೌದು. ತನ್ನ ಮನೆಯವರಿಗೆ ಮೊದಲು ಬಡಿಸುವುದನ್ನು ಯಾರೂ ತಪ್ಪೆನ್ನಲಾರರು. ಆದರೆ ನೆಚ್ಚಿಕೊಂಡವನಿಗೆ ಮುಂಚಿತವಾಗಿ ತಿಳಿಸುವುದು, ಕೊಡುವೆನೆಂದ ಪಾಲನ್ನು ತಡೆಯದೆ ಕೊಡುವುದು, ಅನ್ನದ ಜೊತೆಗೆ ಬೇರೊಂದು ಕರಾರನ್ನು ಕಟ್ಟದಿರುವುದು ಸಾಧ್ಯವಿದೆ. ಆ ಮೂರೂ ತಪ್ಪಿದಾಗ ಏನಾಗುತ್ತದೆಂಬುದನ್ನು ಈ ದೇಶ ಅನುಭವದಿಂದ ಬಲ್ಲದು. ಅಂದು ಸೋಮವಾರ ಸಂಜೆ ಒಲೆ ಹಚ್ಚದ ಮನೆಗಳ ಹಿರಿಯರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಅಕ್ಕಿಯ ಬೆಲೆ ಇಳಿಯಿತೆಂದು ಮನೆಯಲ್ಲಿ ಸಂತೋಷಪಡುವಾಗ, ಆ ಇಳಿತದ ಬೆಲೆಯನ್ನು ಎಲ್ಲಿಯಾದರೂ ಯಾರಾದರೂ ತೆರುತ್ತಿರುವರೇ ಎಂಬ ಪ್ರಶ್ನೆಯನ್ನು ಅವರ ಮುಂದೆ ಇಟ್ಟು ನೋಡಬಹುದು. ಅವರಿಗೆ ಅದು ಸುಲಭವಾಗಿ ಅರ್ಥವಾದೀತು.